ಘಣಸೋಲಿಯ ಕಟ್ಟಿಗೆ ಚೂರು, ಬೆಂಗಳೂರಿನ ಗ್ಯಾಸು

ನವಿಮುಂಬಯಿ: ಘಣಸೋಲಿ ರೈಲು ನಿಲ್ದಾಣದಿಂದ ಹೊರಬಿದ್ದು, ಠಾಣೆ-ಬೇಲಾಪುರ ರಸ್ತೆ ದಾಟಿ ಪೂರ್ವದ ಕಡೆ ನಡೆದರೆ ಎಂಐಡಿಸಿಯ ಕಾರ್ಖಾನೆಗಳ ಸಾಲು ಆರಂಭವಾಗುತ್ತದೆ. ರಬಾಳೆ, ಮಹಾಪೆ, ಕೋಪರ್‌ಖೈರಣೆಯ ತನಕ ಹಬ್ಬಿರುವ ಈ ಪಟ್ಟಿಯಲ್ಲಿ ಏನು ತಯಾರಾದರೂ ಅದು ಮರದ ಪೆಟ್ಟಿಗೆಯಲ್ಲಿ ಬರುತ್ತದೆ, ಮರದ ಪ್ಯಾಲೆಟ್ ಮೇಲೆ ಹೋಗುತ್ತದೆ. ಪೆಟ್ಟಿಗೆ ಒಡೆದ ಮೇಲೆ ಉಳಿಯುವ ಪಟ್ಟಿಗಳು, ಫರ್ನಿಚರ್ ಗಾಳಾಗಳ ಮರದ ಹುಡಿ, ಪ್ಲೈವುಡ್ಡಿನ ತುಂಡು, ವಾಶಿ ಮಾರುಕಟ್ಟೆಯ ಹಣ್ಣಿನ ಪೆಟ್ಟಿಗೆಗಳು, ಮಳೆಗಾಲದಲ್ಲಿ ಉರುಳಿದ ಮರಗಳ ಕೊಂಬೆ, ಇವೆಲ್ಲ ಸೇರಿ ಗೋಡೆ ಬದಿಯಲ್ಲಿ ರಾಶಿ ಬೀಳುತ್ತವೆ. ಭಂಗಾರದವನ ಟೆಂಪೋ ಬರುತ್ತದೆ, ತುಂಬಿಕೊಂಡು ಹೋಗುತ್ತದೆ. ಈ ಕಟ್ಟಿಗೆ ಎಲ್ಲಿಗೆ ಹೋಗುತ್ತದೆ ಎಂದು ಕೇಳುವವರು ಕಡಿಮೆ.

ಇಂಥ ಗುಜರಿ ಕಟ್ಟಿಗೆಯ ದೊಡ್ಡ ಗಿರಾಕಿ ಬೇಕರಿಯ ಭಟ್ಟಿ. ಮುಂಬಯಿ ಮಹಾನಗರದ ಪಾವ್ ಬಹುಕಾಲದಿಂದ ಹಳೇ ಮರದ ಉರಿಯಲ್ಲಿಯೇ ಬೆಂದಿದೆ. ಬಾಂಬೆ ಎನ್ವಿರಾನ್‌ಮೆಂಟಲ್ ಆ್ಯಕ್ಷನ್ ಗ್ರೂಪ್ ಎಂಬ ಸಂಸ್ಥೆಯ ಸಮೀಕ್ಷೆಯಲ್ಲಿ ಶೇಕಡಾ 47ರಷ್ಟು ಬೇಕರಿಗಳು ಕಟ್ಟಿಗೆಯನ್ನೇ ಮುಖ್ಯ ಇಂಧನವಾಗಿ ಬಳಸುತ್ತಿದ್ದುದು ಕಂಡುಬಂತು. ಕಾರಣ ಸರಳ. ಸೀಳಿದ ಮರದ ದಿಮ್ಮಿಗೆ ಕಿಲೋಗೆ 10-12 ರೂಪಾಯಿ ಇದ್ದರೆ ಗುಜರಿ ಕಟ್ಟಿಗೆ 4-5 ರೂಪಾಯಿಗೆ ಸಿಗುತ್ತಿತ್ತು. ಆದರೆ ಬಣ್ಣ, ಪಾಲಿಶ್, ಅಂಟು ಮೆತ್ತಿದ ಆ ಮರದ ಹೊಗೆ ಅಕ್ಕಪಕ್ಕದ ಚಾಳುಗಳ ಕಿಟಕಿಯಲ್ಲಿ ಒಳನುಗ್ಗುತ್ತದೆ. 2025ರ ಜನವರಿ 9ರಂದು ಮುಂಬಯಿ ಹೈಕೋರ್ಟು ಕಟ್ಟಿಗೆ ಮತ್ತು ಕಲ್ಲಿದ್ದಲಿನ ಭಟ್ಟಿಗಳು ಆರು ತಿಂಗಳೊಳಗೆ ಪೈಪ್ ಗ್ಯಾಸ್ ಅಥವಾ ಬೇರೆ ಹಸಿರು ಇಂಧನಕ್ಕೆ ಬದಲಾಗಬೇಕೆಂದು ಆದೇಶಿಸಿದ್ದು ಈ ಹೊಗೆಯ ಕಾರಣಕ್ಕಾಗಿಯೇ. ತಂದೂರ್ ಇಟ್ಟುಕೊಂಡ ಹೊಟೇಲುಗಳಿಗೂ ನೋಟೀಸು ಬಂತು. ಹೊಟೇಲು ಉದ್ಯಮದಲ್ಲಿ ಬಹುಸಂಖ್ಯೆಯಲ್ಲಿರುವ ತುಳು-ಕನ್ನಡಿಗರಿಗೆ ಇದು ದೂರದ ಸುದ್ದಿಯಲ್ಲ. ಕಟ್ಟಿಗೆ ಒಲೆಯಿಂದ ಇದ್ದಿಲಿಗೆ, ಇದ್ದಿಲಿನಿಂದ ಸೀಮೆಎಣ್ಣೆ ಪಂಪಿಗೆ, ಅಲ್ಲಿಂದ ಸಿಲಿಂಡರಿಗೆ ಬಂದ ಅಡುಗೆಮನೆಗಳು ನಮ್ಮವರವು. ಪ್ರತಿ ಸಲವೂ ಖರ್ಚು ಹೆಚ್ಚಿದ್ದನ್ನು ಗಲ್ಲೆಯಲ್ಲಿ ಕುಳಿತವರು ಕಂಡಿದ್ದಾರೆ.

ಭಟ್ಟಿಗಳು ಪೈಪ್ ಗ್ಯಾಸಿಗೆ ಬದಲಾದಷ್ಟೂ ಈ ಕಟ್ಟಿಗೆಗೆ ಗಿರಾಕಿ ಕಡಿಮೆಯಾಗುತ್ತಾರೆ. ರಾಶಿ ಮಾತ್ರ ಬೆಳೆಯುತ್ತದೆ. ಹಾಗಾದರೆ ಇದನ್ನು ಹೊಗೆಯಿಲ್ಲದೆ ಉರಿಸುವ ಬೇರೆ ದಾರಿ ಇದೆಯೇ? ಇದೆ. ಮರವನ್ನು ಸುಡದೆ ಗ್ಯಾಸು ಮಾಡುವ ದಾರಿ ಅದು. ಅದರ ಮೇಲೆ ಅತ್ಯಂತ ದೀರ್ಘಕಾಲ ಕೆಲಸ ನಡೆದ ಜಾಗಗಳಲ್ಲಿ ಒಂದು ನಮ್ಮದೇ ಬೆಂಗಳೂರು ಎಂಬುದು ಹೆಮ್ಮೆಯ ವಿಷಯ.

ಹಳೆಯ ವಿದ್ಯೆಯೇ

ಮರದಿಂದ, ಇದ್ದಿಲಿನಿಂದ ಗ್ಯಾಸು ಮಾಡುವುದು ಹೊಸದೇನಲ್ಲ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಪೆಟ್ರೋಲಿಗೆ ಬರ ಬಂದಾಗ ದಕ್ಷಿಣ ಕನ್ನಡದ ಬಸ್ಸುಗಳು ಇದ್ದಿಲಿನ ಗ್ಯಾಸಿನಲ್ಲಿ ಓಡಿದವು. ಬಸ್ಸಿನ ಬೆನ್ನಿಗೆ ಡ್ರಮ್ಮಿನಂಥ ಒಲೆ, ಅದಕ್ಕೊಂದು ಗಾಳಿ ಊದುವ ಹಿಡಿ. ಹೊರಡುವ ಮೊದಲು ಆ ಹಿಡಿ ತಿರುಗಿಸುವುದೇ ಕ್ಲೀನರ್ ಹುಡುಗನ ಕೆಲಸ. ಏರು ಬಂದಾಗ ಪ್ರಯಾಣಿಕರು ಇಳಿದು ತಳ್ಳುತ್ತಿದ್ದ ಕತೆಯನ್ನು ಹಿರಿಯರ ಬಾಯಲ್ಲಿ ಕೇಳಿದವರು ಮುಂಬಯಿಯಲ್ಲಿ ಈಗಲೂ ಇದ್ದಾರೆ. ಇತ್ತ ಮುಂಬಯಿಯಲ್ಲೇ 1860ರ ದಶಕದಿಂದ ಬಾಂಬೆ ಗ್ಯಾಸ್ ಕಂಪೆನಿ ಕಲ್ಲಿದ್ದಲಿನ ಗ್ಯಾಸಿನಿಂದ ಬೀದಿದೀಪ ಉರಿಸಿತ್ತು. ಅಗ್ಗದ ಪೆಟ್ರೋಲ್, ಡೀಸೆಲ್ ಮರಳಿ ಬಂದ ಮೇಲೆ ಆ ಬಸ್ಸುಗಳ ಡ್ರಮ್ಮುಗಳು ಗುಜರಿಗೆ ಹೋದವು.

ಈ ವಿದ್ಯೆಯ ಗುಟ್ಟು ಇಷ್ಟೆ. ಒಲೆಯಲ್ಲಿ ಕಾಣುವ ಹೊಗೆ ಎಂದರೆ ಪೂರ್ತಿ ಉರಿಯದೆ ತಪ್ಪಿಸಿಕೊಂಡ ಇಂಧನ. ಮರಕ್ಕೆ ಬೇಕಾದಷ್ಟು ಗಾಳಿ ಕೊಟ್ಟರೆ ಅದು ಉರಿದು ಬೂದಿಯಾಗುತ್ತದೆ. ಬೇಕಾದ ಗಾಳಿಯ ಕಾಲು ಭಾಗದಷ್ಟನ್ನು ಮಾತ್ರ ಕೊಟ್ಟು, ಮುಚ್ಚಿದ ಕೊಳವೆಯಲ್ಲಿ ಕೆಂಡ ಮಾಡಿದರೆ ಮರದ ಅಂಶಗಳು ಒಡೆದು ಗ್ಯಾಸಾಗಿ ಹೊರಬರುತ್ತವೆ. ಈ ಗ್ಯಾಸಿನಲ್ಲಿ ಉರಿಯುವ ಪದಾರ್ಥ ಮುಖ್ಯವಾಗಿ ಎರಡು: ಹೈಡ್ರೋಜನ್ ಮತ್ತು ಕಾರ್ಬನ್ ಮಾನಾಕ್ಸೈಡ್. ತಲಾ ಶೇಕಡಾ 20ರ ಆಸುಪಾಸು. ಉಳಿದ ಅರ್ಧದಷ್ಟು ಸುಮ್ಮನೆ ಸಾರಜನಕ, ಅದು ಉರಿಯುವುದೂ ಇಲ್ಲ, ಉರಿಸುವುದೂ ಇಲ್ಲ. ಗಾಳಿಯಲ್ಲಿ ಐದರಲ್ಲಿ ನಾಲ್ಕು ಪಾಲು ಸಾರಜನಕವೇ ಇರುವುದರಿಂದ ಅದು ಬೇಡವೆಂದರೂ ಒಳಗೆ ಬರುತ್ತದೆ. ಹಾಲಿಗೆ ಸಮಪಾಲು ನೀರು ಬೆರೆಸಿದ ಹಾಗೆ ಗ್ಯಾಸು ತೆಳ್ಳಗಾಗುತ್ತದೆ. ಪೈಪಿನಲ್ಲಿ ಬರುವ ನೈಸರ್ಗಿಕ ಅನಿಲದ ಒಂದು ಘನ ಮೀಟರಿನಲ್ಲಿ ಸುಮಾರು 35 ಮೆಗಾಜೂಲ್ ಶಾಖವಿದ್ದರೆ ಗಾಳಿ ಊದಿ ಮಾಡಿದ ಮರದ ಗ್ಯಾಸಿನಲ್ಲಿ ಇರುವುದು 4.5ರಿಂದ 5 ಮಾತ್ರ.

ಇಲ್ಲಿಯೇ ನೀರಿನ ಹಬೆಯ ಪಾತ್ರ ಬರುವುದು. ಗಾಳಿಯ ಬದಲು ಹಬೆಯನ್ನು ಬಿಟ್ಟರೆ ಸಾರಜನಕದ ಕಾಟ ಇಲ್ಲ. ಅದಕ್ಕಿಂತ ಮುಖ್ಯವಾಗಿ, 700-900 ಡಿಗ್ರಿಯ ಕೆಂಡಕ್ಕೆ ತಾಗಿದ ಹಬೆ ತಾನೇ ಒಡೆಯುತ್ತದೆ. ನೀರಿನ ಆಮ್ಲಜನಕವನ್ನು ಕೆಂಡದ ಇಂಗಾಲ ಕಿತ್ತುಕೊಂಡು ಕಾರ್ಬನ್ ಮಾನಾಕ್ಸೈಡ್ ಆಗುತ್ತದೆ, ನೀರಿನ ಹೈಡ್ರೋಜನ್ ಬಿಡುಗಡೆಯಾಗುತ್ತದೆ. ಅಂದರೆ ಮರದ ಗ್ಯಾಸಿನ ಜೊತೆ ನೀರಿನಿಂದಲೂ ಗ್ಯಾಸು ಸಿಕ್ಕಿದಂತೆ. ಇದು ಪುಕ್ಕಟೆಯಾಗಿ ಆಗುವುದಿಲ್ಲ. ಈ ಕ್ರಿಯೆ ಶಾಖವನ್ನು ಹೀರುತ್ತದೆ, ಕೆಂಡ ತಣ್ಣಗಾಗುತ್ತದೆ. ಆ ಶಾಖವನ್ನು ಎಲ್ಲಿಂದಲಾದರೂ ತಂದುಕೊಡಬೇಕು. ಶುದ್ಧ ಆಮ್ಲಜನಕವನ್ನು ಸ್ವಲ್ಪ ಬೆರೆಸಿ ಒಳಗೇ ಉರಿ ಇಡುವುದು ಒಂದು ವಿಧಾನ. ಇನ್ನೊಂದು ವಿಧಾನದ ಮಾತು ಮುಂದೆ ಬರುತ್ತದೆ.

ಹೊಸಹಳ್ಳಿಯ ದೀಪ

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ, ಜನರ ಬಾಯಲ್ಲಿ ಟಾಟಾ ಇನ್‌ಸ್ಟಿಟ್ಯೂಟ್, ಹಳ್ಳಿಗಳ ಕಡೆ ಮುಖ ಮಾಡಿದ್ದು 1974ರಲ್ಲಿ. ಪ್ರೊ. ಅಮೂಲ್ಯ ಕುಮಾರ್ ಎನ್. ರೆಡ್ಡಿ ಅವರ ಮುಂದಾಳುತನದಲ್ಲಿ ‘ಅಸ್ತ್ರ’ ಎಂಬ ಘಟಕ ಹುಟ್ಟಿತು. ಊರಿನ ಮನೆಯಲ್ಲಿ ಹೊಗೆ ಕಡಿಮೆಯ ಅಸ್ತ್ರ ಒಲೆ ಕಂಡವರಿಗೆ ಈ ಹೆಸರು ಹೊಸದಲ್ಲ. 1980ರ ದಶಕದಲ್ಲಿ ಅದೇ ಸಂಸ್ಥೆಯ ಪ್ರೊ. ಎಚ್.ಎಸ್. ಮುಕುಂದ ಮತ್ತು ಸಂಗಡಿಗರು ಮರದ ಗ್ಯಾಸಿನ ಕೆಲಸಕ್ಕೆ ಕೈ ಹಾಕಿದರು. ಮುಕುಂದರು ರಾಕೆಟ್ಟುಗಳ ದಹನ ಅಭ್ಯಸಿಸಿದ ವಿಜ್ಞಾನಿ ಎಂಬುದು ಗಮನಾರ್ಹ. ರಾಕೆಟ್ಟಿನ ಉರಿಯ ಲೆಕ್ಕ ತಿಳಿದವರು ಕಟ್ಟಿಗೆ ಒಲೆಯ ಲೆಕ್ಕಕ್ಕೆ ಕುಳಿತರು.

ಅವರ ಯಂತ್ರದ ವಿಶೇಷ ಎಂದರೆ ಮೇಲ್ಭಾಗ ತೆರೆದೇ ಇರುತ್ತದೆ. ಚೂರು ಮಾಡಿದ ಕಟ್ಟಿಗೆಯನ್ನು ಮೇಲಿನಿಂದ ಸುರಿಯಬಹುದು, ಗಾಳಿ ಮೇಲಿನಿಂದಲೂ ಪಕ್ಕದ ತೂತುಗಳಿಂದಲೂ ಒಳಹೋಗುತ್ತದೆ, ಗ್ಯಾಸು ಕೆಳಗಿನಿಂದ ಹೊರಬರುತ್ತದೆ. ಕೆಳಗೆ ಇಳಿಯುವಾಗ ಅದು ದಪ್ಪನೆಯ ಕೆಂಡದ ಹಾಸಿಗೆಯನ್ನು ದಾಟಲೇಬೇಕು. ಆಗ ಅದರಲ್ಲಿರುವ ಡಾಂಬರಿನಂಥ ಅಂಟು ಪದಾರ್ಥ ಬಹುಪಾಲು ಒಡೆದುಹೋಗುತ್ತದೆ.

1988ರಲ್ಲಿ ತುಮಕೂರು ಜಿಲ್ಲೆ ಕುಣಿಗಲ್ ತಾಲ್ಲೂಕಿನ ಹೊಸಹಳ್ಳಿಯಲ್ಲಿ ಇಂಥದೊಂದು ಯಂತ್ರ ನಿಂತಿತು. ಮೂವತ್ತೈದರಷ್ಟು ಮನೆಗಳ ಸಣ್ಣ ಊರು. 5 ಅಶ್ವಶಕ್ತಿಯ ಡೀಸೆಲ್ ಎಂಜಿನ್ನಿಗೆ ಮರದ ಗ್ಯಾಸು ಊಡಿಸಿ 3.7 ಕಿಲೋವಾಟ್ ವಿದ್ಯುತ್ ತೆಗೆದರು. ಪೂರ್ತಿ ಗ್ಯಾಸಿನಲ್ಲೇ ಅದು ಓಡುತ್ತಿರಲಿಲ್ಲ, ಸ್ವಲ್ಪ ಡೀಸೆಲ್ ಜೊತೆಗೆ ಬೇಕಿತ್ತು. ಮೊದಲು ಮನೆಗೆ ದೀಪ ಬಂತು, ಆಮೇಲೆ ನಲ್ಲಿಯಲ್ಲಿ ಕುಡಿಯುವ ನೀರು, ಹಿಟ್ಟಿನ ಗಿರಣಿ. ಕಟ್ಟಿಗೆಗಾಗಿ ಊರ ಪಕ್ಕದಲ್ಲೇ ಮರ ಬೆಳೆಸಿದರು. ಮುಂದೆ ಯಂತ್ರ 20 ಕಿಲೋವಾಟಿಗೆ ಏರಿತು. ಹದಿನಾಲ್ಕು ವರ್ಷಕ್ಕೂ ಮೇಲ್ಪಟ್ಟು ಆ ಊರಿನ ಲೆಕ್ಕಪತ್ರವನ್ನು ವಿಜ್ಞಾನಿಗಳು ದಾಖಲು ಮಾಡಿ ಪ್ರಕಟಿಸಿದ್ದಾರೆ. ತುಮಕೂರು ಜಿಲ್ಲೆಯಲ್ಲೇ ಕೊರಟಗೆರೆ ತಾಲ್ಲೂಕಿನ ಕಬ್ಬಿಗೆರೆಯಲ್ಲಿ 2007ರಲ್ಲಿ 500 ಕಿಲೋವಾಟಿನ ಸ್ಥಾವರವನ್ನು ವಿದ್ಯುತ್ ಜಾಲಕ್ಕೆ ಜೋಡಿಸಲಾಯಿತು. ಅಲ್ಲಿ ಡೀಸೆಲ್ ಬೇಡದ, ಗ್ಯಾಸಿನಲ್ಲೇ ಓಡುವ ಎಂಜಿನ್ನುಗಳು ಬಂದವು. ಒಂದು ಯೂನಿಟ್ ಕರೆಂಟಿಗೆ ಹೆಚ್ಚುಕಮ್ಮಿ ಒಂದೂಕಾಲರಿಂದ ಒಂದೂವರೆ ಕಿಲೋ ಕಟ್ಟಿಗೆ ಬೇಕಾಗುತ್ತಿತ್ತು.

ವಿದ್ಯುತ್ತಿಗಿಂತ ಬರೇ ಶಾಖಕ್ಕೆ ಈ ಗ್ಯಾಸನ್ನು ಬಳಸಿದಲ್ಲಿ ತೊಂದರೆ ಕಡಿಮೆ. ಹರಿಹರದಲ್ಲಿ ಚೆಂಡುಹೂ ಒಣಗಿಸಲು, ಹೊಸೂರಿನಲ್ಲಿ ಉಕ್ಕಿನ ಬಿಡಿಭಾಗಗಳನ್ನು ಹದಗೊಳಿಸುವ ಕುಲುಮೆಗೆ ಇದೇ ಬೆಂಗಳೂರಿನ ಯಂತ್ರಗಳು ಹೋದವು. ಎಂಜಿನ್ನಿಗೆ ಗ್ಯಾಸು ಕನ್ನಡಿಯಷ್ಟು ಶುಚಿಯಾಗಿರಬೇಕು, ಕುಲುಮೆ ಅಷ್ಟು ಕೇಳುವುದಿಲ್ಲ. ಘಣಸೋಲಿಯ ಗಾಳಾ ಮಾಲೀಕರು ನೆನಪಿಡಬೇಕಾದ ಮಾತು ಇದು.

ಹಬೆಯ ಕೆಲಸ ಅಲ್ಲಿಯೇ ಮುಂದುವರಿಯಿತು. 2022ರಲ್ಲಿ ಪ್ರೊ. ಎಸ್. ದಾಸಪ್ಪ ಅವರ ತಂಡ ಆಮ್ಲಜನಕ ಮತ್ತು ಹಬೆಯನ್ನು ಬಳಸಿ ಮರದಂಥ ಜೈವಿಕ ಪದಾರ್ಥದಿಂದ ಹೈಡ್ರೋಜನ್ ತೆಗೆಯುವ ವಿಧಾನವನ್ನು ಪ್ರಕಟಿಸಿತು. ಒಂದು ಕಿಲೋ ಒಣ ಪದಾರ್ಥದಲ್ಲಿ ಇರುವ ಹೈಡ್ರೋಜನ್ 60 ಗ್ರಾಂ. ಆದರೆ ಅವರಿಗೆ ಸಿಕ್ಕಿದ್ದು 100 ಗ್ರಾಂ! ಉಳಿದ 40 ಗ್ರಾಂ ಎಲ್ಲಿಂದ ಬಂತೆಂದರೆ, ಹಬೆಯಿಂದ. ಜಮೆಯ ಬದಿಯಲ್ಲಿ ನೀರಿನ ಖಾತೆಯನ್ನೂ ಸೇರಿಸಿದರೆ ಲೆಕ್ಕ ಸರಿಹೋಗುತ್ತದೆ. ಇದನ್ನು ದಿನಕ್ಕೆ ಕಾಲು ಟನ್ ಹೈಡ್ರೋಜನ್ ಕೊಡುವ ಮಟ್ಟಕ್ಕೆ ಬೆಳೆಸಿ ಬಸ್ಸುಗಳಿಗೆ ಬಳಸುವ ಯೋಜನೆಗೆ ಇಂಡಿಯನ್ ಆಯಿಲ್ ಕಂಪೆನಿ ಕೈಜೋಡಿಸಿತು. ಮಹಾಯುದ್ಧ ಕಾಲದ ಬಸ್ಸಿನ ಡ್ರಮ್ಮು ಹೀಗೆ ಬೇರೆ ವೇಷದಲ್ಲಿ ಮರಳಿ ಬರುತ್ತಿದೆ. 2023ರ ಆಗಸ್ಟಿನಲ್ಲಿ ಕೇಂದ್ರ ಸರಕಾರ ಹಸಿರು ಹೈಡ್ರೋಜನ್ನಿನ ವ್ಯಾಖ್ಯೆ ಹೊರಡಿಸಿದಾಗ ಜೈವಿಕ ಪದಾರ್ಥದಿಂದ ತೆಗೆದದ್ದಕ್ಕೂ ಅದರಲ್ಲಿ ಸ್ಥಾನ ಕೊಟ್ಟಿತು.

ದಲ್ಲಾಳಿಯಂಥ ಉತ್ಪ್ರೇರಕ

ಈ ಗ್ಯಾಸಿನ ಹಳೆಯ ಶತ್ರು ಡಾಂಬರು, ಅಂದರೆ ಟಾರ್. ಬಿಸಿ ಇರುವಾಗ ಅದು ಆವಿಯಾಗಿ ಗ್ಯಾಸಿನ ಜೊತೆಗೇ ಬರುತ್ತದೆ, ತಣಿದ ಕೂಡಲೆ ಪೈಪು, ವಾಲ್ವುಗಳಿಗೆ ಮೆತ್ತಿಕೊಳ್ಳುತ್ತದೆ. ದೇಶದಲ್ಲಿ ನಿಂತುಹೋದ ಎಷ್ಟೋ ಗ್ಯಾಸಿಫೈಯರುಗಳ ಕತೆ ಈ ಅಂಟಿನಲ್ಲೇ ಮುಗಿದಿದೆ. ನೀರಿನಿಂದ ತೊಳೆಯಬಹುದು, ಆದರೆ ಆ ಕೊಳಕು ನೀರನ್ನು ಎಲ್ಲಿ ಬಿಡುವುದು? ನವಿಮುಂಬಯಿಯ ನಾಲೆಗಳಿಗೆ ಬಿಡಲಾಗದು.

ಉತ್ಪ್ರೇರಕ ಬೇಕಾಗುವುದು ಇದಕ್ಕೆ. ಮದುವೆ ದಲ್ಲಾಳಿ ಹುಡುಗ ಹುಡುಗಿಯನ್ನು ಕೂಡಿಸಿ ತಾನು ಹಾಗೆಯೇ ಉಳಿಯುವಂತೆ, ಉತ್ಪ್ರೇರಕ ಕ್ರಿಯೆಯನ್ನು ಬೇಗ ನಡೆಸಿಕೊಡುತ್ತದೆ, ತಾನು ಖರ್ಚಾಗುವುದಿಲ್ಲ. ಡಾಂಬರಿನ ಆವಿ ಮತ್ತು ಹಬೆ ಬಿಸಿಯಾದ ಉತ್ಪ್ರೇರಕದ ಮೇಲೆ ಹಾದುಹೋದರೆ ಡಾಂಬರು ಒಡೆದು ಅದೂ ಹೈಡ್ರೋಜನ್, ಕಾರ್ಬನ್ ಮಾನಾಕ್ಸೈಡ್ ಆಗುತ್ತದೆ. ಕಸವೂ ಹೋಯಿತು, ಗ್ಯಾಸೂ ಹೆಚ್ಚಾಯಿತು. ಇದಕ್ಕೆ ಅಗ್ಗದ ಪದಾರ್ಥ ಡೋಲೊಮೈಟ್ ಕಲ್ಲು. ನಮ್ಮ ಬಾಗಲಕೋಟೆ ಜಿಲ್ಲೆಯಲ್ಲಿ ಬೇಕಾದಷ್ಟು ಸಿಗುವ ಕಲ್ಲೇ ಅದು. ಕಾಯಿಸಿ ಬಳಸಬೇಕು, ಆದರೆ ಮೆತ್ತಗಿರುವುದರಿಂದ ಬೇಗ ಪುಡಿಯಾಗುತ್ತದೆ. ಅದಕ್ಕಿಂತ ಗಟ್ಟಿಯಾದದ್ದು ಆಲಿವಿನ್ ಎಂಬ ಹಸಿರು ಖನಿಜ. ಎಲ್ಲಕ್ಕಿಂತ ಚುರುಕಾದದ್ದು ನಿಕೆಲ್. ಎಣ್ಣೆಯನ್ನು ವನಸ್ಪತಿಯಾಗಿ ಹೆಪ್ಪುಗಟ್ಟಿಸುವ ಕಾರ್ಖಾನೆಗಳಲ್ಲಿ ಕೆಲಸ ಮಾಡುವ ಲೋಹವೂ ಇದೇ. ಆದರೆ ನಿಕೆಲ್ ಬಹಳ ನಾಜೂಕು. ಸ್ವಲ್ಪ ಗಂಧಕ ತಾಗಿದರೂ ಸತ್ತುಹೋಗುತ್ತದೆ, ಮೇಲೆ ಮಸಿ ಕೂತರೂ ಸುಮ್ಮನಾಗುತ್ತದೆ.

ಹಬೆಗೆ ಶಾಖ ತಂದುಕೊಡುವ ಇನ್ನೊಂದು ವಿಧಾನ ಹುಟ್ಟಿದ್ದು ಆಸ್ಟ್ರಿಯಾದಲ್ಲಿ. ದಾವಣಗೆರೆಯ ಮಂಡಕ್ಕಿ ಭಟ್ಟಿ ನೋಡಿದವರಿಗೆ ಇದು ಸುಲಭವಾಗಿ ತಿಳಿಯುತ್ತದೆ. ಅಲ್ಲಿ ಅಕ್ಕಿ ಅರಳುವುದು ಉರಿಯಲ್ಲಲ್ಲ, ಕಾದ ಮರಳಿನಲ್ಲಿ. ಗ್ಯೂಸಿಂಗ್ ಎಂಬ ಪುಟ್ಟ ಪಟ್ಟಣದಲ್ಲಿ ವಿಯೆನ್ನಾ ತಾಂತ್ರಿಕ ವಿಶ್ವವಿದ್ಯಾಲಯದ ಪ್ರೊ. ಹರ್ಮನ್ ಹಾಫ್‌ಬಾವರ್ ಅವರ ವಿನ್ಯಾಸದಂತೆ ಎರಡು ಪಾತ್ರೆಗಳ ಸ್ಥಾವರ ಕಟ್ಟಿದರು. ಒಂದು ಪಾತ್ರೆಯಲ್ಲಿ ಕಾದ ಆಲಿವಿನ್ ಮರಳು, ಮರದ ಚೂರು ಮತ್ತು ಹಬೆ, ಗಾಳಿ ಇಲ್ಲವೇ ಇಲ್ಲ. ಉಳಿದ ಇದ್ದಿಲು ಮರಳಿನೊಂದಿಗೆ ಎರಡನೆಯ ಪಾತ್ರೆಗೆ ಹೋಗಿ ಅಲ್ಲಿ ಗಾಳಿಯಲ್ಲಿ ಉರಿದು ಮರಳನ್ನು ಕಾಯಿಸುತ್ತದೆ, ಕಾದ ಮರಳು ಪುನಃ ಮೊದಲನೆಯದಕ್ಕೆ ಬರುತ್ತದೆ. ಮರಳೇ ಶಾಖ ಹೊರುವ ಹಮಾಲಿ, ಅದೇ ಉತ್ಪ್ರೇರಕ. 8 ಮೆಗಾವಾಟ್ ಮರದಿಂದ 2 ಮೆಗಾವಾಟ್ ವಿದ್ಯುತ್ತು ಮತ್ತು ಊರಿನ ಮನೆಗಳಿಗೆ ಬಿಸಿನೀರಿನ ಶಾಖ ದೊರೆಯಿತು. ಸ್ವೀಡನ್ನಿನ ಗೊಥೆನ್‌ಬರ್ಗ್ ನಗರ ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು. ಇದೇ ತರದ ಗ್ಯಾಸನ್ನು ನಿಕೆಲ್ ಉತ್ಪ್ರೇರಕದ ಮೇಲೆ ಮೀಥೇನ್ ಮಾಡಿ, ಅಂದರೆ ಪೈಪಿನ ಅಡುಗೆ ಅನಿಲವೇ ಮಾಡಿ, 2014ರಿಂದ ಊರಿನ ಪೈಪಿಗೆ ಬಿಟ್ಟಿತು.

ಎರಡೂ ಈಗ ನಿಂತಿವೆ. ಗ್ಯೂಸಿಂಗ್ 2016ರಲ್ಲಿ, ಸರಕಾರ ಗೊತ್ತುಪಡಿಸಿದ ಹೆಚ್ಚಿನ ದರದ ಅವಧಿ ಮುಗಿದ ಮೇಲೆ. ಗೊಥೆನ್‌ಬರ್ಗ್ 2018ರಲ್ಲಿ, ಭೂಮಿಯಿಂದ ತೆಗೆದ ಅನಿಲ ಅದಕ್ಕಿಂತ ಅಗ್ಗವಾಗಿದ್ದುದರಿಂದ. ಯಂತ್ರ ಕೆಟ್ಟು ನಿಂತದ್ದಲ್ಲ. ಇಂಜಿನಿಯರುಗಳ ಕೆಲಸ ಗೆದ್ದಿತ್ತು, ಖಾತೆಪುಸ್ತಕದಲ್ಲಿ ಸೋತಿತು.

ಘಣಸೋಲಿಗೂ ಈ ವಿದ್ಯೆಗೂ ಒಂದು ನೇರ ನಂಟಿದೆ. ಇಲ್ಲಿನ ಕಾರ್ಪೊರೇಟ್ ಪಾರ್ಕಿನಲ್ಲಿ ಸಂಶೋಧನಾ ವಿಭಾಗ ಇಟ್ಟುಕೊಂಡಿರುವ ರಿಲಯನ್ಸ್ ಕಂಪೆನಿ ಉತ್ಪ್ರೇರಕ ಬಳಸಿ ಇಂಗಾಲದ ಪದಾರ್ಥಗಳನ್ನು ಗ್ಯಾಸು ಮಾಡುವ ವಿಧಾನಗಳಿಗೆ ಪೇಟೆಂಟ್ ಅರ್ಜಿಗಳನ್ನು ಹಾಕಿದೆ. ಜಾಮ್‌ನಗರದಲ್ಲಿ ಪೆಟ್‌ಕೋಕನ್ನು ಗ್ಯಾಸು ಮಾಡುವ ಬೃಹತ್ ಸ್ಥಾವರವೂ ಅದರದ್ದಿದೆ. ಆದರೆ ಅದು ಆನೆಯ ಹೆಜ್ಜೆ. ಕಾಂಪೌಂಡಿನ ಹೊರಗೆ ಬಿದ್ದಿರುವ ಪ್ಯಾಲೆಟ್ ಪಟ್ಟಿಗಳಿಗೆ ಅಷ್ಟು ದೊಡ್ಡ ಯಂತ್ರ ಬೇಕಿಲ್ಲ.

ರೂಪಾಯಿ ಆಣೆ ಲೆಕ್ಕ

ಒಣ ಕಟ್ಟಿಗೆಯ ಒಂದು ಕಿಲೋದಲ್ಲಿ 15-16 ಮೆಗಾಜೂಲ್ ಶಾಖವಿದೆ. ಸಾಧಾರಣ ಗ್ಯಾಸಿಫೈಯರ್ ಅದರ ಮುಕ್ಕಾಲು ಪಾಲನ್ನು ಗ್ಯಾಸಿನಲ್ಲಿ ಕೊಡುತ್ತದೆ, ಅಂದರೆ 11.5ರಷ್ಟು. ಸಿಲಿಂಡರಿನ ಎಲ್‌ಪಿಜಿಯಲ್ಲಿ ಕಿಲೋಗೆ ಸುಮಾರು 46. ಹೀಗಾಗಿ ಒಂದು ಕಿಲೋ ಎಲ್‌ಪಿಜಿಗೆ ನಾಲ್ಕು ಕಿಲೋ ಒಣ ಕಟ್ಟಿಗೆ ಸಮ. ಹೊಟೇಲಿನ 19 ಕಿಲೋ ಸಿಲಿಂಡರಿಗೆ 76 ಕಿಲೋ. ಕಟ್ಟಿಗೆ 5 ರೂಪಾಯಿಗೆ ಸಿಕ್ಕರೆ 380 ರೂಪಾಯಿ. 2025ರಲ್ಲಿ ಮುಂಬಯಿಯಲ್ಲಿ ಆ ಸಿಲಿಂಡರಿನ ದರ ಒಂದೂವರೆ ಸಾವಿರದಿಂದ ಸಾವಿರದ ಎಂಟುನೂರರ ನಡುವೆ ಏರಿಳಿಯಿತು. ಇಷ್ಟನ್ನೇ ಕೇಳಿದವರು ನಾಳೆಯೇ ಯಂತ್ರ ತರಿಸೋಣ ಎನ್ನುತ್ತಾರೆ. ತಾಳ್ಮೆ ಬೇಕು.

ದಿನಕ್ಕೆ ಒಂದು ಟನ್ ಕಟ್ಟಿಗೆ ತಿನ್ನುವ ಯಂತ್ರ ಇಟ್ಟರೆ 13 ಸಿಲಿಂಡರಿನ ಶಾಖ ಸಿಗುತ್ತದೆ. 1,600ರ ದರದಲ್ಲಿ 20,800 ರೂಪಾಯಿ. ಕಟ್ಟಿಗೆಗೆ 5,000 ಕಳೆದರೆ 15,800. ತಿಂಗಳಿಗೆ 26 ದಿನ ಓಡಿದರೆ 4,10,800. ಯಂತ್ರ, ಕಟ್ಟಿಗೆ ಕತ್ತರಿಸುವ ಮೆಶಿನ್, ಒಣಗಿಸುವ ವ್ಯವಸ್ಥೆ ಎಲ್ಲ ಸೇರಿ 50 ಲಕ್ಷ ಸಾಲ ಎಂದಿಟ್ಟುಕೊಳ್ಳೋಣ. ಶೇಕಡಾ 11ರ ಬಡ್ಡಿಯಲ್ಲಿ ಐದು ವರ್ಷಕ್ಕೆ ತಿಂಗಳ ಕಂತು ಸುಮಾರು 1,08,700. ಉಳಿಯುವ ಮೂರು ಲಕ್ಷದಲ್ಲಿ ಗಾಳಾ ಬಾಡಿಗೆ, ಮೂರು ನಾಲ್ಕು ಜನರ ಪಗಾರ, ಕರೆಂಟು, ರಿಪೇರಿ. ಹೇಗೋ ನಡೆಯುತ್ತದೆ.

ಈಗ ಕಟ್ಟಿಗೆಯ ದರ 10 ರೂಪಾಯಿ ಆಯಿತೆನ್ನಿ. ಕಂತು ಕಟ್ಟಿದ ಮೇಲೆ ಉಳಿಯುವುದು 1,72,000. ಅದೇ 15 ಆದರೆ 42,000. ಬಾಡಿಗೆಗೂ ಸಾಲದು.

ದರ ಯಾಕೆ ಏರುತ್ತದೆ ಎಂದು ಕೇಳಬಹುದು, ಕಸಕ್ಕೆ ಬೆಲೆ ಏನು ಎಂದೂ ಕೇಳಬಹುದು. ಕಸ ಅಗ್ಗವಾಗಿರುವುದು ಅದು ಯಾರಿಗೂ ಬೇಡವಾಗಿರುವಷ್ಟು ದಿನ ಮಾತ್ರ. ಇದಕ್ಕೆ ಮಹಾರಾಷ್ಟ್ರ, ಕರ್ನಾಟಕದವರೇ ಕಂಡ ಉದಾಹರಣೆ ಇದೆ. ಇದೇ ಬೆಂಗಳೂರಿನ ಪ್ರಯೋಗಾಲಯದ ವಿನ್ಯಾಸದಲ್ಲಿ ‘ಊರ್ಜಾ’ ಎಂಬ ಒಲೆ 2006ರಲ್ಲಿ ಮಾರುಕಟ್ಟೆಗೆ ಬಂತು. ಕಬ್ಬಿನ ಸಿಪ್ಪೆ ಮುಂತಾದವುಗಳ ಪೆಲೆಟ್ಟನ್ನು ಗ್ಯಾಸು ಮಾಡಿ ಉರಿಸುವ, ಹೊಗೆಯಿಲ್ಲದ ಒಲೆ. ನಾಲ್ಕು ಲಕ್ಷದಷ್ಟು ಮಾರಾಟವಾದವು. ಆದರೆ ಪೆಲೆಟ್ಟಿಗೆ ಬೇಕಾದ ಕೃಷಿ ತ್ಯಾಜ್ಯಕ್ಕೆ ಬೇರೆ ಗಿರಾಕಿಗಳು ಹುಟ್ಟಿಕೊಂಡರು, ದರ ಏರಿತು, ಅಂಗಡಿಯಲ್ಲಿ ಪೆಲೆಟ್ ಸಿಗದಾಯಿತು, ಮನೆಯ ಹೆಂಗಸರು ಒಲೆಯನ್ನು ಅಟ್ಟಕ್ಕೆ ಹಾಕಿದರು. ಕಂಪೆನಿ ಆಮೇಲೆ ಹೊಟೇಲು, ಕೇಟರಿಂಗ್ ಅಡುಗೆಮನೆಗಳ ಕಡೆ ತಿರುಗಿತು. 2021ರಿಂದ ಕಲ್ಲಿದ್ದಲಿನ ವಿದ್ಯುತ್ ಸ್ಥಾವರಗಳೂ ತಮ್ಮ ಇಂಧನಕ್ಕೆ ಪೆಲೆಟ್ ಬೆರೆಸಬೇಕೆಂಬ ನಿಯಮ ಬಂದಿದೆ. ಅಷ್ಟು ದೊಡ್ಡ ಗಿರಾಕಿ ಬಂದರೆ ಸಣ್ಣವರ ಪಾಲಿಗೆ ದರ ಏನಾದೀತೆಂದು ಬೇರೆ ಹೇಳಬೇಕಿಲ್ಲ. ಆದ್ದರಿಂದ ಕಟ್ಟಿಗೆಯನ್ನು ಪೇಟೆಯಿಂದ ಕೊಳ್ಳುವವನಿಗಿಂತ, ತನ್ನದೇ ಗಾಳಾದಲ್ಲಿ ಕಟ್ಟಿಗೆ ಚೂರು ಬೀಳುವವನಿಗೆ ಈ ಯಂತ್ರ ಸರಿಹೊಂದುತ್ತದೆ. ಅವನಿಗೆ ಶಾಖವೂ ಬೇಕಾಗಿರಬೇಕು.

ಎಲ್ಲ ಕಟ್ಟಿಗೆ ಒಂದಲ್ಲ

ಪ್ಯಾಲೆಟ್ಟಿನ ಬದಿಯಲ್ಲಿ ಗೋಧಿ ತೆನೆಯ ಚಿತ್ರವಿರುವ ಒಂದು ಮುದ್ರೆ ಇರುತ್ತದೆ. ಪರದೇಶದಿಂದ ನ್ಹಾವಾಶೇವಾ ಬಂದರಿಗೆ ಬರುವ ಮರದ ಸಾಮಾನಿಗೆ ಇದು ಕಡ್ಡಾಯ. ಆ ಮುದ್ರೆಯಲ್ಲಿ ‘ಎಚ್‌ಟಿ’ ಎಂಬ ಇಂಗ್ಲಿಷ್ ಅಕ್ಷರಗಳಿದ್ದರೆ ಹುಳ ಸಾಯಿಸಲು ಮರವನ್ನು ಬಿಸಿ ಮಾಡಿದ್ದಾರೆ ಎಂದರ್ಥ, ಭಯವಿಲ್ಲ. ‘ಎಂಬಿ’ ಎಂದಿದ್ದರೆ ಮಿಥೈಲ್ ಬ್ರೋಮೈಡ್ ಎಂಬ ವಿಷದ ಹೊಗೆ ಕೊಟ್ಟಿದ್ದಾರೆ. ಅದನ್ನು ಪಕ್ಕಕ್ಕಿಡುವುದು ಕ್ಷೇಮ. ಪ್ಲೈವುಡ್ ಮತ್ತು ಎಂಡಿಎಫ್ ಹಲಗೆಯ ಅಂಟಿನಲ್ಲಿ ಸಾರಜನಕದ ಸಂಯುಕ್ತಗಳಿರುತ್ತವೆ, ಗ್ಯಾಸಿನಲ್ಲಿ ಅಮೋನಿಯದಂಥವು ಸೇರಿಕೊಳ್ಳುತ್ತವೆ. ಸನ್‌ಮೈಕಾ ಹೊದೆಸಿದ್ದು, ಬಣ್ಣ ಬಳಿದದ್ದು, ಗೆದ್ದಲಿನ ಔಷಧ ಕುಡಿಸಿದ್ದು ಬೇಡವೇ ಬೇಡ. ಮರದ ಹುಡಿಯನ್ನು ಹಾಗೆಯೇ ಸುರಿದರೆ ಯಂತ್ರದ ಗಂಟಲು ಕಟ್ಟುತ್ತದೆ, ಒತ್ತಿ ಬಿಲ್ಲೆ ಮಾಡಬೇಕು. ತೇವ ಶೇಕಡಾ 15-20ಕ್ಕಿಂತ ಹೆಚ್ಚಿದ್ದರೆ ಡಾಂಬರು ಹೆಚ್ಚುತ್ತದೆ. ಹಬೆ ಬೇಕೆಂದ ಮಾತ್ರಕ್ಕೆ ಒದ್ದೆ ಕಟ್ಟಿಗೆ ಹಾಕಬಹುದು ಎಂದುಕೊಳ್ಳುವುದು ತಪ್ಪು. ಒದ್ದೆ ಮರ ಕೆಂಡವನ್ನೇ ತಣಿಸುತ್ತದೆ, ಹಬೆ ಬೇಕಾದುದು ಕಾದ ಕೆಂಡಕ್ಕೆ. ಜೂನ್‌ನಿಂದ ಸೆಪ್ಟೆಂಬರ್ ತನಕ ಈ ಊರಿನಲ್ಲಿ ಬಟ್ಟೆಯೇ ಒಣಗುವುದಿಲ್ಲ, ಕಟ್ಟಿಗೆಗೆ ಛಾವಣಿ ಮತ್ತು ಯಂತ್ರದ ಬಿಸಿಗಾಳಿ ಎರಡೂ ಬೇಕು.

ಎಲ್ಲಕ್ಕಿಂತ ಮುಖ್ಯ ಎಚ್ಚರಿಕೆ ಕಾರ್ಬನ್ ಮಾನಾಕ್ಸೈಡಿನದ್ದು. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಸಿಲಿಂಡರಿನ ಗ್ಯಾಸಿಗೆ ವಾಸನೆ ಬೆರೆಸಿರುವುದರಿಂದ ಸೋರಿದರೆ ಗೊತ್ತಾಗುತ್ತದೆ, ಇದು ಸೋರಿದರೆ ತಲೆ ಸುತ್ತಿ ಬೀಳುವ ತನಕ ತಿಳಿಯದಿರಬಹುದು. ಮುಚ್ಚಿದ ಬಚ್ಚಲಿನಲ್ಲಿ ಗ್ಯಾಸ್ ಗೀಸರಿನಿಂದ ಆದ ಸಾವುಗಳ ಸುದ್ದಿ ಓದಿದವರಿಗೆ ಇದು ಗೊತ್ತಿರುವ ವಿಷವೇ. ಮರದ ಗ್ಯಾಸಿನಲ್ಲಿ ಅದು ಐದರಲ್ಲಿ ಒಂದು ಪಾಲು. ಹೀಗಾಗಿ ಯಂತ್ರ ಗಾಳಿಯಾಡುವ ಶೆಡ್ಡಿನಲ್ಲೇ ಇರಬೇಕು, ಗ್ಯಾಸು ಸೋರಿದರೆ ಕೂಗುವ ಅಲಾರಂ ಬೇಕು, ರಾತ್ರಿ ಪಕ್ಕದಲ್ಲಿ ಯಾರೂ ಮಲಗಬಾರದು. ಎಂಐಡಿಸಿಯ ಗಾಳಾಗಳಲ್ಲಿ ಕೆಲಸದ ಹುಡುಗರು ಅಲ್ಲಿಯೇ ಮಲಗುವ ವಾಡಿಕೆ ಇರುವುದರಿಂದ ಇದನ್ನು ಒತ್ತಿ ಹೇಳಬೇಕಾಗಿದೆ. ಈ ಗ್ಯಾಸನ್ನು ಸಿಲಿಂಡರಿಗೆ ತುಂಬಿ ಮಾಟುಂಗದ ಹೊಟೇಲಿಗೆ ಕಳಿಸುವ ಕನಸೂ ಬೇಡ. ತೆಳ್ಳಗಿನ ಗ್ಯಾಸು, ಒಂದು ಸಿಲಿಂಡರಿನಲ್ಲಿ ಒಂದು ದೋಸೆಕಲ್ಲು ಕಾಯುವಷ್ಟೂ ಹಿಡಿಯದು. ಹುಟ್ಟಿದಲ್ಲಿಯೇ ಉರಿಸಬೇಕು, ಅದೂ ಅದಕ್ಕೆಂದೇ ಮಾಡಿದ ಬರ್ನರಿನಲ್ಲಿ.

ಹಾಗಾಗಿ ಪೇಟೆಯ ನಡುವಿನ ಹೊಟೇಲಿಗೆ ಪೈಪ್ ಗ್ಯಾಸೇ ಸರಿ. ಮರದ ಗ್ಯಾಸಿನ ಜಾಗ ಎಂಐಡಿಸಿಯೊಳಗೆ: ಫರಸಾಣ ಕರಿಯುವ ಕಾರ್ಖಾನೆ, ದೊಡ್ಡ ಕೇಟರಿಂಗ್ ಅಡುಗೆಮನೆ, ಬಟ್ಟೆ ಒಗೆಯುವ ಘಟಕ, ಬಣ್ಣ ಒಣಗಿಸುವ ಒಲೆ. ಗಾಳಿ ಊದುವ ಸಾದಾ ಯಂತ್ರವೇ ಇವರಿಗೆ ಸಾಕು. ಹಬೆ ಮತ್ತು ಉತ್ಪ್ರೇರಕದ ಯಂತ್ರ ಹೈಡ್ರೋಜನ್ ಮಾರುವವರಿಗೆ, ಪೈಪಿಗೆ ಮೀಥೇನ್ ಬಿಡುವವರಿಗೆ.

ಯಂತ್ರದ ಬೆಲೆ ವಿಚಾರಿಸುವ ಮೊದಲು ಗಾಳಾ ಮಾಲೀಕರು ಒಂದು ತೂಕದ ಪುಸ್ತಕ ಇಡುವುದು ಒಳ್ಳೆಯದು. ದಿನವೂ ಬಿದ್ದ ಕಟ್ಟಿಗೆ ಎಷ್ಟು ಕಿಲೋ, ಅದರಲ್ಲಿ ಬಣ್ಣವಿಲ್ಲದ ಮರ ಎಷ್ಟು, ಪ್ಲೈವುಡ್ ಎಷ್ಟು, ಹುಡಿ ಎಷ್ಟು, ಭಂಗಾರದವ ಕೊಟ್ಟದ್ದೆಷ್ಟು, ಮತ್ತು ಅದೇ ದಿನ ತಾನು ಗ್ಯಾಸಿಗೋ ಡೀಸೆಲ್ಲಿಗೋ ಕೊಟ್ಟದ್ದೆಷ್ಟು. ಒಂದು ತಿಂಗಳು ಮೇ ತಿಂಗಳಿನಲ್ಲಿ, ಇನ್ನೊಂದು ಜುಲೈಯಲ್ಲಿ.